ಬಡಾವಣೆಯ ವೃಕ್ಷಗಳೂ ಉತ್ಸರ್ಗಧರ್ಮವೂ

ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯ ಆಸುಪಾಸಿನಲ್ಲಿ ಗುಡ್ಡೆ, ಬೈಲು, ತೋಟ, ತೋಡುಗಳೆಂದು ಏರಿಳಿಯುತ್ತ ಹಬ್ಬಿಕೊಂಡಿರುವ ರಾಮಕುಂಜದ ಸೀಮೆಯಲ್ಲಿ ಮರವೆಂಬುದು ಯಾರೂ ಪ್ರಯತ್ನಪೂರ್ವಕವಾಗಿ ಉಳಿಸಿಕೊಳ್ಳಬೇಕಾದ ವಸ್ತುವಾಗಿರಲಿಲ್ಲ. ವರ್ಷಕ್ಕೆ ಸುಮಾರು 3500 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಈ ನೆಲದಲ್ಲಿ ಸುಮ್ಮನೆ ಬಿಟ್ಟ ಜಾಗವು ತಾನಾಗಿಯೇ ಕಾಡಾಗುವುದರಿಂದ, ಇಲ್ಲಿನ ಕೃಷಿಕನ ತಲೆಮಾರುಗಳ ಚಿಂತೆಯು ಮರವನ್ನು ಬೆಳೆಸುವುದು ಹೇಗೆಂಬುದಕ್ಕಿಂತ ಅದನ್ನು ಅಡಕೆತೋಟದ ಅಂಚಿನಿಂದ ಆಚೆಗೇ ನಿಲ್ಲಿಸುವುದು ಹೇಗೆಂಬುದರ ಸುತ್ತಲೇ ತಿರುಗುತ್ತಿತ್ತು. ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳನ್ನು ಕೂಡಿಸಿ ಕಡಬವು ಪ್ರತ್ಯೇಕ ತಾಲೂಕಾಗಿ, ಅಲ್ಲಿಗೊಂದು ಪಟ್ಟಣ ಪಂಚಾಯತಿಯೂ ಬಂದ ಮೇಲೆ, ಪೇಟೆಯ ಮಗ್ಗುಲಿನ ಗುಡ್ಡೆಗಳು ಕನ್ವರ್ಷನ್ ಆಗಿ, ಜೆಸಿಬಿಯಿಂದ ಮಟ್ಟಸಗೊಂಡು, ಮುರಕಲ್ಲಿನ ಆವರಣಗಳ ನಡುವೆ ಸೈಟುಗಳಾಗಿ ಹಂಚಿಹೋಗತೊಡಗಿದಾಗ, ಅದುವರೆಗೆ ಪ್ರಶ್ನೆಯೇ ಅಲ್ಲದಿದ್ದ ಮರವು ಒಮ್ಮೆಗೇ ಪ್ರಶ್ನೆಯಾಗಿ ನಿಂತಿತು. ಒಬ್ಬನ ಸೈಟಿನ ಹಲಸಿನ ಬೇರು ಇನ್ನೊಬ್ಬನ ಗೋಡೆಯನ್ನು ಬಿರುಕುಗೊಳಿಸುತ್ತದೆ. ರಸ್ತೆಬದಿಯ ಧೂಪದ ಕೊಂಬೆ ಮೆಸ್ಕಾಂನ ತಂತಿಗೆ ತಗಲುತ್ತದೆ. ಆಚೆಯ ಮನೆಯ ತರಗೆಲೆ ಈಚೆಯ ಇಂಟರ್‌ಲಾಕ್ ಅಂಗಳಕ್ಕೆ ಬೀಳುತ್ತದೆ. ಇವುಗಳನ್ನು ಪಂಚಾಯತಿಯ ಕಛೇರಿಯಲ್ಲಿ ತೀರ್ಮಾನವಾಗಬೇಕಾದ ಸಾಮಾನ್ಯ ತಕರಾರುಗಳೆಂದು ನಾವು ತಿಳಿದಿದ್ದೇವೆ. ಆದರೆ ಮರವು ಯಾರದು, ಅದರ ಮೇಲೆ ಮನುಷ್ಯನಿಗೆ ಇರತಕ್ಕ ಅಧಿಕಾರವಾದರೂ ಯಾವ ಬಗೆಯದು ಎಂಬ, ಧರ್ಮಶಾಸ್ತ್ರಕಾರರು ಬಹು ಹಿಂದೆಯೇ ಎದುರಿಸಿದ್ದ ಜಿಜ್ಞಾಸೆಯೊಂದು ಈ ತಕರಾರುಗಳ ಬುಡದಲ್ಲಿ ಅಡಗಿದೆಯೆಂಬುದು ನನ್ನ ನಂಬಿಕೆ.

ಮರಕ್ಕೆ ಜೀವವಿದೆಯೆ ಎಂಬ ವಿಷಯದಲ್ಲಿ ನಮ್ಮ ಪೂರ್ವಿಕರಿಗೆ ಹೆಚ್ಚಿನ ಸಂಶಯವಿದ್ದಂತೆ ತೋರುವುದಿಲ್ಲ. ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ತನ್ನ ಮಗನಾದ ಶ್ವೇತಕೇತುವಿಗೆ, ಬುಡಕ್ಕೆ ಏಟು ಬಿದ್ದರೂ ನಡುವಿಗೆ ಬಿದ್ದರೂ ತುದಿಗೆ ಬಿದ್ದರೂ ರಸವನ್ನು ಸ್ರವಿಸುತ್ತ ಬದುಕಿಯೇ ಇರುವ ಮಹಾವೃಕ್ಷವೊಂದನ್ನು ನಿದರ್ಶನವಾಗಿ ತೋರಿ, ಜೀವವು ಯಾವ ಕೊಂಬೆಯನ್ನು ತೊರೆಯುವುದೋ ಆ ಕೊಂಬೆ ಒಣಗುವುದೆಂದೂ ಮರವನ್ನೇ ತೊರೆದರೆ ಮರವೇ ಒಣಗುವುದೆಂದೂ ಬೋಧಿಸುತ್ತಾನೆ. ಆ ಅಧ್ಯಾಯದ ಒಂಬತ್ತು ದೃಷ್ಟಾಂತಗಳಲ್ಲಿ ಇದೊಂದು. ಆಲದ ಬೀಜದ್ದು ಇನ್ನೊಂದು. ಪ್ರತಿಯೊಂದು ದೃಷ್ಟಾಂತದ ತುದಿಯಲ್ಲಿಯೂ ಬರುವ ವಾಕ್ಯವನ್ನು ಅಭೇದಪರವಾಗಿ ಗ್ರಹಿಸಬೇಕೋ ಭೇದಪರವಾಗಿ ಗ್ರಹಿಸಬೇಕೋ ಎಂಬುದನ್ನು ಕುರಿತು ಶಂಕರರ ಮತ್ತು ಮಧ್ವರ ಅನುಯಾಯಿಗಳು ಶತಮಾನಗಳ ಕಾಲ ವಾಗ್ವಾದ ನಡೆಸಿದ್ದಾರೆ. ಮರದಲ್ಲಿ ಜೀವವುಂಟೆಂಬುದನ್ನು ಮಾತ್ರ ಉಭಯಪಕ್ಷದವರೂ ವಿವಾದಕ್ಕೆ ಎಳೆಯಲಿಲ್ಲ. ಮನುಸ್ಮೃತಿಯು ವೃಕ್ಷಾದಿಗಳಿಗೆ ಒಳಗಿನ ಅರಿವೂ ಸುಖದುಃಖಗಳೂ ಉಂಟೆಂದು ಹೇಳಿದರೆ, ಮಹಾಭಾರತದ ಶಾಂತಿಪರ್ವದಲ್ಲಿ ಭೃಗುವು ಭರದ್ವಾಜನ ಆಕ್ಷೇಪಗಳನ್ನು ಒಂದೊಂದಾಗಿ ನಿರಾಕರಿಸುತ್ತ, ಸಿಡಿಲಿನ ಸದ್ದಿಗೆ ಹೂಹಣ್ಣುಗಳು ಉದುರುವುದರಿಂದ ಮರವು ಕೇಳುತ್ತದೆಯೆಂದೂ, ಬಳ್ಳಿಯು ಆಸರೆಯನ್ನು ಅರಸಿ ಸುತ್ತಿಕೊಳ್ಳುವುದರಿಂದ ಕಾಣುತ್ತದೆಯೆಂದೂ ಸಾಧಿಸಹೊರಡುತ್ತಾನೆ. ಈ ಯುಕ್ತಿಗಳು ಇಂದಿನ ಸಸ್ಯಶಾಸ್ತ್ರಜ್ಞನಿಗೆ ಒಪ್ಪಿಗೆಯಾಗದೆ ಇರಬಹುದು. ಆದರೂ ಮರದ ಪಕ್ಷವನ್ನು ಹಿಡಿದು ಇಷ್ಟು ಗಂಭೀರವಾಗಿ ವಾದಿಸಿದ ಆ ಋಷಿಯನ್ನು ಕಂಡರೆ ನನಗೆ ಪ್ರೀತಿ.

ರಾಮಕುಂಜವು 1931ರಲ್ಲಿ ಪೇಜಾವರ ಮಠದ ವಿಶ್ವೇಶತೀರ್ಥರು ಜನಿಸಿದ ಊರು. 1938ರಲ್ಲಿ ಬಾಲಕನಾಗಿಯೇ ಸಂನ್ಯಾಸವನ್ನು ಸ್ವೀಕರಿಸಿ ಎಂಬತ್ತು ವರ್ಷಗಳಿಗೂ ಮಿಕ್ಕಿ ದ್ವೈತಸಿದ್ಧಾಂತವನ್ನು ಬೋಧಿಸಿದ ಆ ಯತಿಯ ಹುಟ್ಟೂರಿನಲ್ಲಿ ಪಂಚಭೇದದ ಮಾತನ್ನು ಎತ್ತುವುದು ಅಪ್ರಸ್ತುತವಾಗಲಾರದು. ಜೀವನಿಗೂ ಈಶ್ವರನಿಗೂ ಭೇದ, ಜಡಕ್ಕೂ ಈಶ್ವರನಿಗೂ ಭೇದ, ಜೀವಕ್ಕೂ ಜಡಕ್ಕೂ ಭೇದ, ಜಡಜಡಗಳಿಗೆ ಭೇದ, ಜೀವಜೀವಗಳಿಗೂ ಪರಸ್ಪರ ಭೇದ; ಈ ಐದನೆಯದನ್ನು ಮರಗಳಿಗೆ ಅನ್ವಯಿಸಿ ನೋಡಿದವರು ವಿರಳ. ಪ್ರತಿಯೊಂದು ಜೀವವೂ ಸ್ವರೂಪತಃ ಬೇರೆಯೇ ಆಗಿದ್ದ ಪಕ್ಷದಲ್ಲಿ, ನೂರು ವರ್ಷದ ಒಂದು ಹೆಬ್ಬಲಸನ್ನು ಉರುಳಿಸಿ ಅದಕ್ಕೆ ಪ್ರತಿಯಾಗಿ ಹತ್ತು ಸಸಿಗಳನ್ನು ನೆಟ್ಟರೆ ಲೆಕ್ಕ ಚುಕ್ತವಾಯಿತೆಂದು ಹೇಳುವ ನಮ್ಮ ಆಡಳಿತದ ಅಂಕಗಣಿತವು ತತ್ತ್ವದೃಷ್ಟಿಯಿಂದ ನಿಲ್ಲಲಾರದು. ಆ ಹತ್ತು ಸಸಿಗಳು ಹತ್ತು ಹೊಸ ಜೀವಗಳೇ ಹೊರತು ಹೋದುದರ ಹತ್ತು ಪಾಲು ಮರುಪಾವತಿಯಲ್ಲ. ನೆಡಬಾರದೆಂದು ಇದರ ಅರ್ಥವಲ್ಲ. ನೆಟ್ಟುದು ಪುಣ್ಯವಾದೀತು, ಪ್ರಾಯಶ್ಚಿತ್ತವೂ ಆದೀತು, ವಿನಿಮಯವಂತೂ ಆಗಲಾರದು.

ಹಾಗೆಂದು ಜೀವತ್ವದ ಸಿದ್ಧಿಯೊಂದರಿಂದಲೇ ನಮ್ಮ ಪ್ರಶ್ನೆ ಬಗೆಹರಿಯುವುದೂ ಇಲ್ಲ. ಅನ್ನವನ್ನು ಉಣ್ಣುವ, ಸೂರಿನ ಕೆಳಗೆ ಮಲಗುವ ಯಾವನೂ ವನಸ್ಪತಿಗಳ ಹಿಂಸೆಯಿಂದ ಸಂಪೂರ್ಣವಾಗಿ ಮುಕ್ತನಲ್ಲ. ಈ ಸಂಕಟವನ್ನು ಅತ್ಯಂತ ಪ್ರಾಮಾಣಿಕವಾಗಿ ನಿರ್ವಹಿಸಿದವರು, ಕಾರ್ಕಳ, ವೇಣೂರು, ಮೂಡುಬಿದಿರೆಗಳಲ್ಲಿ ಬಸದಿಗಳನ್ನು ಕಟ್ಟಿಸಿ ನಮ್ಮ ಸೀಮೆಯ ಬಾಳಿನಲ್ಲಿ ಬೆರೆತುಹೋಗಿರುವ ಜೈನರೆಂದು ನನಗೆ ತೋರುತ್ತದೆ. ಮರವನ್ನು ಸ್ಪರ್ಶವೊಂದೇ ಇಂದ್ರಿಯವಾಗಿ ಉಳ್ಳ ಏಕೇಂದ್ರಿಯಜೀವವೆಂದು ಎಣಿಸಿದ ಅವರು, ಗೃಹಸ್ಥನಾದ ಶ್ರಾವಕನು ಅದನ್ನು ಎಂದಿಗೂ ನೋಯಿಸಕೂಡದೆಂದು ಅಸಾಧ್ಯವಾದುದನ್ನು ವಿಧಿಸದೆ, ಪ್ರಯೋಜನವಿಲ್ಲದ ಹಿಂಸೆಯನ್ನು ಅನರ್ಥದಂಡವೆಂದು ಬೇರ್ಪಡಿಸಿ, ಸುಮ್ಮನೆ ನೆಲವನ್ನು ಅಗೆಯುವುದು, ಸುಮ್ಮನೆ ನೀರನ್ನು ಚೆಲ್ಲುವುದು, ಸುಮ್ಮನೆ ಗಿಡವನ್ನು ಕತ್ತರಿಸುವುದು ಇವುಗಳಿಂದ ವಿರಮಿಸುವುದನ್ನೇ ಒಂದು ವ್ರತವನ್ನಾಗಿ ಮಾಡಿದರು. ಬಡಾವಣೆಯೊಂದನ್ನು ನಿರ್ಮಿಸುವಾಗ ಮನೆ ಏಳತಕ್ಕ ಜಾಗದ ಮರಗಳನ್ನು ಮಾತ್ರ ತೆಗೆಯದೆ, ಯಂತ್ರ ತಿರುಗಲು ಸಲೀಸಾಗಲೆಂದು ಇಡೀ ಗುಡ್ಡೆಯನ್ನೇ ಬೋಳಿಸಿ, ಆಮೇಲೆ ಪಾರ್ಕಿನ ಹೆಸರಿನಲ್ಲಿ ಅದೇ ಜಾಗದಲ್ಲಿ ನರ್ಸರಿಯ ಗಿಡಗಳನ್ನು ನೆಡುವ ನಮ್ಮ ಪದ್ಧತಿಗೆ ಅನರ್ಥದಂಡಕ್ಕಿಂತ ಸರಿಯಾದ ಹೆಸರು ನನಗೆ ತಿಳಿಯದು.

ಇನ್ನು ಭಯದ ಮಾರ್ಗ. ತುಳುನಾಡಿನಲ್ಲಿ ನಾಗಬನದ ಮರವನ್ನು ಕಡಿಯುವ ಧೈರ್ಯ ಯಾರಿಗೂ ಇರಲಿಲ್ಲವೆಂದೂ, ಆದುದರಿಂದ ಆ ಭಯಭಕ್ತಿಗಳನ್ನು ಉಳಿಸಿಕೊಂಡರೆ ಹಸಿರು ತಾನಾಗಿ ಉಳಿಯುವುದೆಂದೂ ಹೇಳುವವರುಂಟು. ಈ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಪ್ರತಿ ತರವಾಡಿನ ಮಗ್ಗುಲಿಗೂ, ಕತ್ತಿ ತಾಗದ, ತರಗೆಲೆಯನ್ನು ಸಹ ಗುಡಿಸದ ಒಂದು ತುಂಡು ಕಾಡು ಇದ್ದುದು ಭಯದಿಂದಲೇ. ಆದರೆ ಆ ಭಯಕ್ಕೆ ಶಾಸ್ತ್ರವೇ ಒಂದು ದಾರಿಯನ್ನು ತೆರೆದಿಟ್ಟಿತ್ತು. ದೇವಾಲಯದ ಜೀರ್ಣೋದ್ಧಾರದ ಕಾಲದಲ್ಲಿ ಕಲಾಸಂಕೋಚವೆಂಬ ವಿಧಿಯಿಂದ ಬಿಂಬದ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸಿ, ಬಾಲಾಲಯದಲ್ಲಿ ಇರಿಸಿ, ಕೆಲಸ ಮುಗಿದ ಮೇಲೆ ಮರಳಿ ಪ್ರತಿಷ್ಠಾಪಿಸುವುದು ಎಲ್ಲರೂ ಬಲ್ಲ ಕ್ರಮ. ನಾಗನ ವಿಷಯದಲ್ಲಿಯೂ ಇದು ಸಾಧ್ಯವಾದಾಗ, ಬನವು ಹೋಗಿ ಗ್ರಾನೈಟಿನ ಕಟ್ಟೆ ಬಂದಿತು, ನೆರಳು ಹೋಗಿ ತಗಡಿನ ಮಾಡು ಬಂದಿತು, ಪೂಜೆಯೇನೋ ಮೊದಲಿಗಿಂತ ವಿಜೃಂಭಣೆಯಿಂದ ನಡೆಯುತ್ತ ಹೋಯಿತು. ನಾನು ಇದನ್ನು ಕಪಟವೆಂದು ಹಳಿಯಲಾರೆ. ದೇವತೆಯು ಸ್ಥಳಬದ್ಧನಲ್ಲವೆಂಬುದು ಒಂದು ಉದಾತ್ತವಾದ ತತ್ತ್ವವೇ ಸರಿ. ಆದರೆ ಪಾವಿತ್ರ್ಯವು ಮರದಿಂದ ಬಿಡಿಸಿಕೊಂಡು ಕಲಶದೊಳಗೆ ಸಂಚರಿಸಬಲ್ಲುದಾದರೆ, ಹಿಂದುಳಿದ ಮರವು ಬರಿಯ ಸೌದೆಯಾಗುತ್ತದೆ. ಮರವನ್ನು ಅದರೊಳಗಿನ ದೇವತೆಯ ನಿಮಿತ್ತವಾಗಿ ಮಾತ್ರ ಕಾಯ್ದವನಿಗೆ, ದೇವತೆ ಹೊರಟುಹೋದ ಮೇಲೆ ಕಾಯುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಇದರ ಒಂದು ಪೂರ್ವರೂಪವಿದೆ. ಪ್ರತಿಮೆಗಾಗಿ ಮರವನ್ನು ತರಲು ವನವನ್ನು ಪ್ರವೇಶಿಸುವವನು ಇರುಳಿನಲ್ಲಿ ಆ ಮರವನ್ನು ಪೂಜಿಸಿ, ಅದರಲ್ಲಿ ವಾಸಿಸುವ ಭೂತಗಳು ಬಲಿಯನ್ನು ಸ್ವೀಕರಿಸಿ ಬೇರೆಡೆಗೆ ನೆಲೆಯನ್ನು ಬದಲಿಸಿಕೊಳ್ಳಬೇಕೆಂದು ಬಿನ್ನವಿಸಿಕೊಳ್ಳತಕ್ಕದ್ದೆಂದು ಅಲ್ಲಿ ವಿಧಿಸಿದೆ. ಅಪ್ಪಣೆಯನ್ನು ಬೇಡುವ ಈ ವಿನಯವು ಇಂದು ವೃಕ್ಷಾಧಿಕಾರಿಗೆ ಕೊಡುವ ಅರ್ಜಿಯಾಗಿ ಮಾರ್ಪಟ್ಟಿದೆ. 1976ರ ಕರ್ನಾಟಕ ವೃಕ್ಷಸಂರಕ್ಷಣಾ ಅಧಿನಿಯಮದ ಪ್ರಕಾರ, ತನ್ನ ಸ್ವಂತ ಭೂಮಿಯಲ್ಲಿ ಬೆಳೆದ ಮರವನ್ನಾದರೂ, ತೆಂಗು, ರಬ್ಬರು, ನೀಲಗಿರಿಗಳಂಥ ವಿನಾಯಿತಿಯ ಜಾತಿಗಳನ್ನು ಬಿಟ್ಟರೆ, ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಒಡೆಯನೂ ಕೇಳಿಯೇ ಕಡಿಯಬೇಕೆಂಬ ಈ ನಿಯಮವು ಒಡೆತನದ ಪೂರ್ಣತೆಯನ್ನು ಸದ್ದಿಲ್ಲದೆ ಅಲ್ಲಗಳೆಯುತ್ತದೆಯೆಂಬುದನ್ನು, ನಿಯಮವನ್ನು ಬೈಯುವವರೂ ಹೊಗಳುವವರೂ ಸಾಮಾನ್ಯವಾಗಿ ಗಮನಿಸುವುದಿಲ್ಲ.

ಈ ಅರೆಯೊಡೆತನದ ಕಲ್ಪನೆಯು ದಕ್ಷಿಣ ಕನ್ನಡಕ್ಕೆ ಹೊರಗಿನಿಂದ ಬಂದುದಲ್ಲವೆಂಬುದೇ ನಾನು ಒತ್ತಿ ಹೇಳಬೇಕಾದ ಸಂಗತಿ. ಮದ್ರಾಸು ಆಧಿಪತ್ಯದ ಕಾಲದ ದಕ್ಷಿಣ ಕನ್ನಡದಲ್ಲಿ, ಫಸಲಿ 1276ಕ್ಕೆ, ಎಂದರೆ 1866-67ಕ್ಕೆ, ಮುಂಚಿನಿಂದ ಸಾಗುವಳಿಯಾಗುತ್ತಿದ್ದ ವರ್ಗ ಜಮೀನಿನ ಗಡಿಯಿಂದ 100 ಗಜದವರೆಗಿನ ಸರಕಾರಿ ಭೂಮಿಯಲ್ಲಿ ವರ್ಗದಾರನಿಗೆ ಕುಮ್ಕಿ ಎಂಬ ಸೌಲಭ್ಯವು ಮಾನ್ಯವಾಗಿತ್ತು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣವು ಕೊಡಗಿನ ಬಾಣೆ, ಉತ್ತರ ಕನ್ನಡದ ಬೆಟ್ಟಗಳೊಡನೆ ಇದನ್ನೂ ಉಳಿಸಿಕೊಂಡಿತು. ಕುಮ್ಕಿಯಲ್ಲಿ ಹಟ್ಟಿಗೆ ಹಾಕುವ ಸೊಪ್ಪನ್ನು ಕಡಿಯಬಹುದು, ದನಗಳನ್ನು ಮೇಯಿಸಬಹುದು, ಒಲೆಗೆ ಸೌದೆಯನ್ನೂ ಕೃಷಿಯ ಉಪಕರಣಗಳಿಗೆ ಮರಮಟ್ಟನ್ನೂ ತರಬಹುದು. ನೆಲವು ಮಾತ್ರ ಅವನದಲ್ಲ. ಗುಡ್ಡೆಯ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ತೋಟಕ್ಕೆ ಎಂಬ ಈ ವ್ಯವಸ್ಥೆಯಲ್ಲಿ, ತೋಟದ ಬಾಳು ಗುಡ್ಡೆಯ ಮರಗಳ ಬಾಳಿಗೆ ಹೊಂದಿಕೊಂಡಿದ್ದುದರಿಂದ, ಬೋಳುಮಾಡಿದವನು ಮೊದಲು ತನ್ನ ಅಡಕೆಗೇ ಕೇಡು ತಂದುಕೊಳ್ಳುತ್ತಿದ್ದನು. ಹೀಗೆ ಒಂದೇ ಮನೆಯ ಸುತ್ತ ಮರದೊಡನೆ ಮೂರು ವಿಧದ ಸಂಬಂಧಗಳು ಏಕಕಾಲದಲ್ಲಿ ನಡೆದುಬಂದವು: ತೋಟದ ಮರವು ತನ್ನದು, ಕುಮ್ಕಿಯ ಮರವು ತನ್ನದಲ್ಲದಿದ್ದರೂ ತನ್ನ ಭೋಗಕ್ಕೆ ಸಲ್ಲತಕ್ಕದ್ದು, ಬನದ ಮರವು ಮುಟ್ಟಬಾರದ್ದು. ಈಶಾವಾಸ್ಯದ ಮೊದಲ ಮಂತ್ರವು ತ್ಯಾಗಪೂರ್ವಕವಾದ ಭೋಗವನ್ನು ಬೋಧಿಸುವುದೆಂದು ಕೇಳಿ ತಲೆದೂಗುವ ನಾವು, ಮಂತ್ರವನ್ನು ಎಂದೂ ಕೇಳದ ಒಕ್ಕಲಿಗನೊಬ್ಬನು ಸೊಪ್ಪಿನ ಕಟ್ಟನ್ನು ತಲೆಯ ಮೇಲೆ ಹೊತ್ತು ಇಳಿಯುವಾಗ ಅದನ್ನೇ ಆಚರಿಸುತ್ತಿದ್ದನೆಂದು ಎಣಿಸಿದವರಲ್ಲ. ಮುಂದೆ ರಬ್ಬರು ಗೇರುಗಳು ಕುಮ್ಕಿಯನ್ನು ಏರಿದವು, ಅಕ್ರಮ-ಸಕ್ರಮದ ಅರ್ಜಿಗಳು ಬಂದವು, ಕುಮ್ಕಿಯನ್ನು ವರ್ಗದಾರರ ಹೆಸರಿಗೇ ಮಾಡಿಕೊಡಬೇಕೆಂಬ ಬೇಡಿಕೆಯೂ ಬಂದಿತು. ಬೇಡಿಕೆಯ ನ್ಯಾಯಾನ್ಯಾಯಗಳು ಇಲ್ಲಿ ನನ್ನ ವಿಷಯವಲ್ಲ. ಬಡಾವಣೆಯಲ್ಲಿ ಮೇಲಿನ ಮೂರರ ಪೈಕಿ ಮೊದಲನೆಯದೊಂದೇ ಉಳಿದಿದೆ, ಅಂದರೆ ಸೈಟು; ಮಿಕ್ಕುದೆಲ್ಲ ಪಾರ್ಕು, ಮತ್ತು ಪಾರ್ಕಿನೊಡನೆ ನಮ್ಮ ಸಂಬಂಧವಾವುದೆಂಬುದು ನಮಗಾರಿಗೂ ಸ್ಪಷ್ಟವಾಗಿಲ್ಲ.

ಈ ಅಸ್ಪಷ್ಟತೆಯನ್ನು ಕಳೆಯಲು ಧರ್ಮಶಾಸ್ತ್ರದ ಉತ್ಸರ್ಗವಿಚಾರವು ಸಮರ್ಥವಾಗಿದೆ. ಯಜ್ಞಾದಿಗಳು ಇಷ್ಟವೆಂದೂ, ಕೆರೆ ಬಾವಿ ಆರಾಮಗಳ ನಿರ್ಮಾಣವು ಪೂರ್ತವೆಂದೂ ಪ್ರಸಿದ್ಧವಷ್ಟೆ. ಪೂರ್ತವು ಸಸಿ ನೆಟ್ಟಲ್ಲಿಗೆ ಮುಗಿಯುವುದಿಲ್ಲ, ನೆಟ್ಟವನು ವಿಧಿಪೂರ್ವಕವಾಗಿ ಅದನ್ನು ಬಿಟ್ಟುಕೊಟ್ಟಾಗ ಮುಗಿಯುತ್ತದೆ. ಮತ್ಸ್ಯಪುರಾಣದ ವೃಕ್ಷೋತ್ಸವವಿಧಿಯು ಇದರ ಅತ್ಯಂತ ಮನೋಹರವಾದ ಚಿತ್ರ: ಸರ್ವೌಷಧಿಯ ನೀರಿನಿಂದ ಗಿಡಗಳನ್ನು ಮೀಯಿಸಿ, ವಸ್ತ್ರವನ್ನು ಉಡಿಸಿ, ಚಿನ್ನದ ಸೂಜಿಯಿಂದ ಅವುಗಳಿಗೆ ಕಿವಿ ಚುಚ್ಚಿಸಿ, ಚಿನ್ನದ ಶಲಾಕೆಯಿಂದ ಕಾಡಿಗೆಯನ್ನು ಹಚ್ಚಬೇಕಂತೆ. ಮರಕ್ಕೆ ಕಿವಿ ಎಲ್ಲಿ ಎಂದು ಕೇಳುವ ತಾರ್ಕಿಕನಿಗೆ ಪುರೋಹಿತನು ಏನು ಉತ್ತರ ಕೊಡುತ್ತಿದ್ದನೋ! ಮಗುವಿಗೆ ಮಾಡುವ ಸಂಸ್ಕಾರಗಳನ್ನೇ ಮಾಡಿ, ಮಗುವನ್ನು ಲೋಕಕ್ಕೆ ಒಪ್ಪಿಸುವಂತೆಯೇ ಅದನ್ನು ಒಪ್ಪಿಸಿಬಿಡುವುದು ಅಲ್ಲಿನ ಆಶಯ. ದಾನಕ್ಕೂ ಉತ್ಸರ್ಗಕ್ಕೂ ಧರ್ಮಶಾಸ್ತ್ರಕಾರರು ಮಾಡಿದ ಭೇದವು ಇಲ್ಲಿ ಬಹಳ ಸೂಕ್ಷ್ಮವಾದುದು. ದಾನದಲ್ಲಿ ಕೊಡುವವನ ಸ್ವತ್ವವು ಅಳಿದು ಪ್ರತಿಗ್ರಹೀತನ ಸ್ವತ್ವವು ಹುಟ್ಟುತ್ತದೆ, ಕೊಟ್ಟವನು ಆ ವಸ್ತುವನ್ನು ಮತ್ತೆ ಮುಟ್ಟಕೂಡದು. ಉತ್ಸರ್ಗದಲ್ಲಿ ಸ್ವತ್ವವು ಅಳಿಯುತ್ತದೆ, ಆದರೆ ಅದರ ಸ್ಥಾನದಲ್ಲಿ ಬೇರೊಬ್ಬನ ಸ್ವತ್ವವು ಹುಟ್ಟುವುದಿಲ್ಲ. ಅದು ಸರ್ವಭೂತಗಳಿಗೆ ಸಲ್ಲುತ್ತದೆ. ಮತ್ತು ಬಿಟ್ಟುಕೊಟ್ಟವನೂ ಆ ಸರ್ವರಲ್ಲಿ ಒಬ್ಬನಾದುದರಿಂದ, ಅವನಿಗೂ ಆ ನೀರನ್ನು ಕುಡಿಯುವ, ಆ ನೆರಳಿನಲ್ಲಿ ಕುಳಿತುಕೊಳ್ಳುವ ಹಕ್ಕು ಉಳಿಯುತ್ತದೆ. ಒಡೆಯನಾಗಿ ಕಳೆದುಕೊಂಡುದನ್ನು ಎಲ್ಲರೊಳಗೊಬ್ಬನಾಗಿ ಅವನು ಮರಳಿ ಪಡೆಯುತ್ತಾನೆ.

ಲೇಔಟು ಮಾಡುವವನು ರಸ್ತೆ, ಪಾರ್ಕುಗಳ ಜಾಗವನ್ನು ಪರಿತ್ಯಾಜನ ಪತ್ರದ ಮೂಲಕ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡುವ ಈಗಿನ ಕ್ರಮವು ಮೇಲ್ನೋಟಕ್ಕೆ ಉತ್ಸರ್ಗದಂತೆಯೇ ಕಾಣುತ್ತದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಅಧಿನಿಯಮವು ಬಡಾವಣೆಯ ವಿಸ್ತೀರ್ಣದ ಶೇಕಡಾ 15ಕ್ಕೆ ಕಡಮೆಯಿಲ್ಲದ ಭಾಗವನ್ನು ಉದ್ಯಾನ ಮತ್ತು ಆಟದ ಮೈದಾನಗಳಿಗೆಂದು ಕಾದಿರಿಸತಕ್ಕದ್ದೆಂದು ವಿಧಿಸಿದೆ. ಆದರೆ ಪತ್ರದಲ್ಲಿ ಪಡೆಯುವವನೊಬ್ಬನಿದ್ದಾನೆ. ಪಡೆದ ಸಂಸ್ಥೆಯು ತಾನು ದಾನವನ್ನು ಪರಿಗ್ರಹಿಸಿದೆನೆಂದೂ ಇಷ್ಟ ಬಂದಂತೆ ವಿನಿಯೋಗಿಸಬಹುದೆಂದೂ ಭಾವಿಸಿದಾಗ ಏನಾಗುತ್ತದೆಂಬುದಕ್ಕೆ ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ಪ್ರಕರಣವೇ ಸಾಕ್ಷಿ. ಅಲ್ಲಿ ಉದ್ಯಾನಕ್ಕೆಂದು ಮೀಸಲಾಗಿದ್ದ ಜಾಗವನ್ನು ಖಾಸಗಿ ಟ್ರಸ್ಟೊಂದಕ್ಕೆ ನರ್ಸಿಂಗ್ ಹೋಂ ಕಟ್ಟಲು ಮಂಜೂರು ಮಾಡಿದುದನ್ನು ನಿವಾಸಿಗಳು ಪ್ರಶ್ನಿಸಿದರು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1991ರಲ್ಲಿ ಬಿ. ಎಸ್. ಮುದ್ದಪ್ಪನವರ ಪ್ರಕರಣವೆಂದು ಪ್ರಸಿದ್ಧವಾದ ತೀರ್ಪಿನಲ್ಲಿ ಆ ಮಂಜೂರಾತಿಯು ಅಸಿಂಧುವೆಂದು ಸ್ಥಿರಪಟ್ಟಿತು. ರೋಗಿಗಳ ಶುಶ್ರೂಷೆಯೂ ಸತ್ಕಾರ್ಯವೇ ಅಲ್ಲವೆ ಎಂಬ ಪ್ರಶ್ನೆಗೆ ನ್ಯಾಯಾಲಯವು ಸೋಲಲಿಲ್ಲ. ಸಾರ್ವಜನಿಕರಿಗೆಂದು ಬಿಟ್ಟ ಬಯಲನ್ನು ಬೇರೊಂದು ಸತ್ಕಾರ್ಯಕ್ಕೂ ತಿರುಗಿಸಲು ಅಧಿಕಾರಸ್ಥರಿಗೆ ಹಕ್ಕಿಲ್ಲವೆಂಬುದು ಅದರ ಸಾರ. ನ್ಯಾಯಾಧೀಶರು ಧರ್ಮಶಾಸ್ತ್ರವನ್ನು ಸ್ಮರಿಸಿದರೋ ಇಲ್ಲವೋ, ಉತ್ಸೃಷ್ಟವಾದುದಕ್ಕೆ ಒಡೆಯನಿಲ್ಲವೆಂಬ ಹಳೆಯ ಮಾತು ಅಲ್ಲಿ ಹೊಸ ಬಲವನ್ನು ಪಡೆಯಿತು.

ಉತ್ಸರ್ಗವು ಸ್ವತ್ವದ ತ್ಯಾಗವಾದುದರಿಂದ ಸ್ವತ್ವವುಳ್ಳವನಿಗೆ ಮಾತ್ರ ಸಾಧ್ಯವೆಂದು ಶಾಸ್ತ್ರಜ್ಞನು ಹೇಳಬಹುದು. ಆದರೆ ಮಾಗಡಿಯ ಕಡೆಯ ಹುಲಿಕಲ್ಲಿನಿಂದ ಕುದೂರಿನವರೆಗೆ ದಾರಿಯುದ್ದಕ್ಕೂ ಆಲದ ಸಸಿಗಳನ್ನು ನೆಟ್ಟು, ನೀರನ್ನು ಹೊತ್ತು ಹಾಕಿ ಬೆಳೆಸಿದ ಸಾಲುಮರದ ತಿಮ್ಮಕ್ಕನಿಗೆ ಆ ರಸ್ತೆಯ ಒಂದಡಿಯೂ ಸ್ವಂತವಾಗಿರಲಿಲ್ಲ. ಮಕ್ಕಳಿಲ್ಲದ ದಂಪತಿಗಳು ಮರಗಳನ್ನೇ ಮಕ್ಕಳೆಂದು ಬೆಳೆಸಿದ ಆ ಕಥೆಯು, ಹತ್ತು ಮಕ್ಕಳಿಗೆ ಒಂದು ಮರವನ್ನು ಸಮನೆಂದ ಪುರಾಣೋಕ್ತಿಗೆ ಮೆರುಗನ್ನು ಕೊಟ್ಟಿತೆಂದು ಎಲ್ಲರೂ ಕೊಂಡಾಡಿದ್ದಾರೆ. ನನಗೆ ಅದರಲ್ಲಿ ಹೆಚ್ಚಾಗಿ ಕಾಣುವುದು ಬೇರೆ: ಸ್ವತ್ವವು ಹುಟ್ಟುವ ಮೊದಲೇ ಅದನ್ನು ತ್ಯಜಿಸಿದ ಒಂದು ಉತ್ಸರ್ಗ. ರಸ್ತೆಯನ್ನು ಅಗಲಗೊಳಿಸುವ ಯೋಜನೆಯಿಂದ ಆ ಮರಗಳಿಗೆ ಕುತ್ತು ಬಂದಾಗ ಆಕೆ ಸರಕಾರದ ಮುಂದೆ ಹೋಗಿ ನಿಂತುದು ಪಟ್ಟಾದಾರಳಾಗಿ ಅಲ್ಲ.

ಪಾರ್ಕು ತಮ್ಮದೆಂದು ನಿವಾಸಿಗಳು ಭಾವಿಸುವ ಇನ್ನೊಂದು ವಿಪರೀತವೂ ಉಂಟು. ಸೈಟಿನ ಕ್ರಯದಲ್ಲಿ ಅದರ ಬೆಲೆಯೂ ಸೇರಿತ್ತೆಂಬ ಲೆಕ್ಕದಿಂದ, ಗೇಟಿಗೆ ಬೀಗ, ಒಳಬರಲು ಹೊತ್ತು, ಹೊರಗಿನವರಿಗೆ ನಿಷೇಧ, ಹುಲ್ಲುಹಾಸಿನ ಮೇಲೆ ಬಿದ್ದ ಎಲೆಯನ್ನು ಅಂದಂದೇ ಗುಡಿಸಿ ಬೆಂಕಿ ಇಡತಕ್ಕದ್ದೆಂಬ ಕಟ್ಟಳೆ, ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ಎಲೆಯನ್ನು ಏಕೆ ಗುಡಿಸಬೇಕು? ಕೇಳಿದರೆ ಉತ್ತರ ಒಂದೇ: ಹಾವು ಬಂದೀತು. ಈ ಉತ್ತರವನ್ನು ಹಗುರವಾಗಿ ತೆಗೆದುಕೊಳ್ಳಕೂಡದು, ಏಕೆಂದರೆ ಸರ್ವಭೂತಗಳಿಗೆಂದು ಸಂಕಲ್ಪಿಸಿ ಬಿಟ್ಟ ಜಾಗದಲ್ಲಿ ಆ ಸರ್ವದೊಳಗೆ ಯಾರು ಸೇರಿದ್ದಾರೆಂಬ ಪ್ರಶ್ನೆಯನ್ನು ಅದು ನೇರವಾಗಿ ಎತ್ತುತ್ತದೆ. ಇಂದ್ರಪ್ರಸ್ಥದ ಸೀಮೆಯ ಖಾಂಡವವನವನ್ನು ಕೃಷ್ಣಾರ್ಜುನರು ದಹಿಸಿದಾಗ ಅಲ್ಲಿಂದ ಪಾರಾದವರು ಬೆರಳೆಣಿಕೆಯಷ್ಟು ಮಂದಿ. ಪಾರಾದ ಮಯನು ಸಭೆಯನ್ನು ಕಟ್ಟಿಕೊಟ್ಟನೆಂಬುದನ್ನು ನಾವು ಸಂತೋಷದಿಂದ ನೆನೆಯುತ್ತೇವೆ, ತಾಯಿಯನ್ನು ಕಳೆದುಕೊಂಡು ಪಾರಾದ ತಕ್ಷಕನ ಮಗ ಅಶ್ವಸೇನನನ್ನು ಮರೆಯುತ್ತೇವೆ. ಆ ಹಗೆಯು ಕರ್ಣನ ಬತ್ತಳಿಕೆಯವರೆಗೆ ಬಂದಿತು; ಮುಂದೆ ಪರೀಕ್ಷಿತನ ಮರಣ, ಜನಮೇಜಯನ ಸರ್ಪಸತ್ರಗಳು ನಾಗರೊಡನೆ ಆ ಕುಲದ ಲೆಕ್ಕವನ್ನು ತಲೆಮಾರುಗಳ ತನಕ ಎಳೆದವು. ಊರು ಕಟ್ಟಿದವರು ಹಾವಿನ ಪಾಲನ್ನು ತೆಗೆದಿರಿಸಲಿಲ್ಲವೆಂಬುದೇ ಆ ಪರ್ವಗಳ ಒಂದು ಎಳೆಯೆಂದು ನಾನು ಓದುತ್ತೇನೆ. ಪಂಡಿತರು ಒಪ್ಪದಿದ್ದರೆ ಚಿಂತೆಯಿಲ್ಲ.

ರಾಮಕುಂಜದಂಥ ಊರಿನ ಮಗ್ಗುಲಲ್ಲಿ ಏಳಲಿರುವ ಬಡಾವಣೆಗಳ ವಿಷಯದಲ್ಲಿ ನನ್ನ ಸಲಹೆಯು ಕಾರ್ಯತಃ ಬಹಳ ಚಿಕ್ಕದು. ಪಾರ್ಕಿನ ಜಾಗವನ್ನು ಕುಮ್ಕಿ, ಬನ ಎಂದು ಎರಡಾಗಿ ವಿಂಗಡಿಸಬೇಕು. ಕುಮ್ಕಿಯ ಭಾಗದಲ್ಲಿ ರಂಜ, ಹಲಸು, ಮಾವು, ನೇರಳೆಗಳು ಬೆಳೆಯಲಿ. ದಾರಿ, ಬೆಂಚು, ಮಕ್ಕಳ ಆಟ ಎಲ್ಲವೂ ಇರಲಿ. ಬಿದ್ದ ಹಣ್ಣು ಯಾರಿಗಾದರೂ ಸಿಗಲಿ, ಎಲೆಯು ಹತ್ತಿರದ ಯಾವ ತೋಟದವನು ಕೇಳುವನೋ ಅವನ ಹಟ್ಟಿಗೆ ಹೋಗಲಿ. ಒಣಗಿದ, ಮನೆಯ ಮೇಲೆ ವಾಲಿದ ಕೊಂಬೆಯನ್ನು ಮಳೆಗಾಲಕ್ಕೆ ಮುಂಚೆ ನಿರ್ದಾಕ್ಷಿಣ್ಯವಾಗಿ ಸವರಲಿ. ಬನದ ಭಾಗವು ಇಳಿಜಾರಿನ ತಗ್ಗಿನಲ್ಲಿ, ಮಳೆಯ ನೀರು ತೋಡಿಗೆ ಇಳಿಯುವ ಮೂಲೆಯಲ್ಲಿ ಇರಬೇಕು. ಅಲ್ಲಿ ಜೆಸಿಬಿಯೂ ಪೊರಕೆಯೂ ಹೋಗಬಾರದು, ಗುಡ್ಡೆಯಲ್ಲಿ ಮೊದಲೇ ಇದ್ದ ಮರಗಳು ಇದ್ದ ಹಾಗೆಯೇ ಇರಬೇಕು, ಸುತ್ತಲೂ ಕಾಂಕ್ರೀಟಿನ ಗೋಡೆಯ ಬದಲು ಒಂದು ಸಾಲು ಕಾಡುಕಲ್ಲು ಸಾಕು. ನಾಗನ ಪ್ರತಿಷ್ಠೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಹಾವಿಗೆ ಅಲ್ಲಿ ಇಲಿಯೂ ಕಪ್ಪೆಯೂ ತಂಪೂ ದೊರೆಯುವುದರಿಂದ, ಅಂಗಳಕ್ಕೆ ಬರುವ ಅಗತ್ಯವು ಅದಕ್ಕೆ ಹೆಚ್ಚುವುದಕ್ಕಿಂತ ಕಡಮೆಯಾಗುವ ಸಂಭವವೇ ಜಾಸ್ತಿ. ಇಷ್ಟಾಗಿಯೂ ಯಾರಾದರೂ ಕೇಳಿಯಾರು: ಆ ಎರಡು ಸೆಂಟ್ಸಿನ ಬನವು ಯಾರ ಖಾತೆಗೆ? ಪತ್ರದಲ್ಲಿ ಪಂಚಾಯತ್ ಎಂದು ಬರೆಯಲೇಬೇಕಾಗುತ್ತದೆ, ಸಬ್‌ರಿಜಿಸ್ಟ್ರಾರರ ಕಛೇರಿಯಲ್ಲಿ ಸರ್ವಭೂತಗಳ ಹೆಸರಿಗೆ ಕಾಲಂ ಇಲ್ಲವಾದುದರಿಂದ. ಆದರೆ ಬರೆದುಕೊಡುವವನು ಸಹಿ ಮಾಡುವುದಕ್ಕೆ ಮುಂಚೆ ಮನಸ್ಸಿನಲ್ಲಿ ಬೇರೊಂದು ಸಂಕಲ್ಪವನ್ನು ಹೇಳಿಕೊಳ್ಳುವುದಕ್ಕೆ ಯಾವ ಅಧಿನಿಯಮದ ಅಡ್ಡಿಯೂ ಇಲ್ಲ.